ಗಾಂಜಾ ಔಷಧದ ಅಂಗಡಿಗೆ ಪಂಚಾಯಿತಿ ಲೈಸೆನ್ಸ್ ಕೊಡಬಹುದಾ?



ಬೂದಿಕೋಟೆ ನಿಮಗೆ ಗೊತ್ತಿರಬೇಕು. ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರ. ಹೈದರಾಲಿ ಹುಟ್ಟಿದ ಊರು. ಒಂದು ಕಡೆ ಕೆಜಿಎಫ್, ಇನ್ನೊಂದು ಕಡೆ ತಮಿಳುನಾಡು ಗಡಿ, ಸ್ವಲ್ಪ ಆಚೆ ಹೋದರೆ ಆಂಧ್ರ. ನಾಳೆ ಬೆಳಿಗ್ಗೆ ಆ ಊರಿನ ಬಸ್ ಸ್ಟ್ಯಾಂಡ್ ಪಕ್ಕದ ಮಳಿಗೆಯ ಮೇಲೆ ‘ಇಲ್ಲಿ ಗಾಂಜಾ ಔಷಧ ದೊರೆಯುತ್ತದೆ’ ಅಂತ ಒಂದು ಬೋರ್ಡ್ ಬಿತ್ತು ಅಂತ ಇಟ್ಟುಕೊಳ್ಳಿ. ಹೌದು ಅನ್ನೋಕೆ ಅಧಿಕಾರ ಯಾರಿಗಿದೆ? ಬೇಡ ಅನ್ನೋಕೆ ಯಾರಿಗಿದೆ? ಪಿಡಿಒಗಾ? ಪಂಚಾಯಿತಿ ಅಧ್ಯಕ್ಷರಿಗಾ? ಪೊಲೀಸರಿಗಾ? ಅಬಕಾರಿ ಇಲಾಖೆಗಾ? ಡ್ರಗ್ಸ್ ಕಂಟ್ರೋಲ್ ಇಲಾಖೆಗಾ?

ಇದೇನು ಹುಚ್ಚು ಕಲ್ಪನೆ ಅಂತೀರಾ? ಅಷ್ಟು ದೂರದ ಮಾತೇನಲ್ಲ. 2020ರ ಫೆಬ್ರವರಿಯಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಒಂದು ಕ್ಲಿನಿಕ್ ಶುರುವಾಯಿತು. ದೇಶದ ಮೊದಲ ವೈದ್ಯಕೀಯ ಗಾಂಜಾ ಕ್ಲಿನಿಕ್ ಅಂತ ಸುದ್ದಿಯಾಯಿತು. ಇವತ್ತು ಮೊಬೈಲ್ ತೆಗೆದರೆ ನಿದ್ದೆಗೆ, ಮಂಡಿನೋವಿಗೆ, ಕ್ಯಾನ್ಸರ್ ನೋವಿಗೆ ‘ವಿಜಯಾ’ ಎಣ್ಣೆ ಅಂತ ಜಾಹೀರಾತು ಬರುತ್ತೆ. ‘ವಿಜಯಾ’ ಅಂದರೆ ಬೇರೇನೂ ಅಲ್ಲ, ಆಯುರ್ವೇದದಲ್ಲಿ ಭಂಗಿ ಸೊಪ್ಪಿಗಿರುವ ಹೆಸರು. ಕೋರಮಂಗಲಕ್ಕೆ ಬಂದದ್ದು ಬಂಗಾರಪೇಟೆಗೆ ಬರೋಕೆ ಎಷ್ಟು ಹೊತ್ತು ಬೇಕು ಹೇಳಿ?

ಮೊದಲು ಗಿಡದ ವಿಚಾರ ಬಿಡಿಸಿಕೊಳ್ಳೋಣ. ಗಿಡ ಒಂದೇ, ಆದರೆ ಕಾನೂನಿನ ಕಣ್ಣಿಗೆ ಅದು ನಾಲ್ಕಾರು ವಸ್ತು. 1985ರ ನವೆಂಬರ್ 14ರಂದು ಜಾರಿಗೆ ಬಂದ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತು ನಿಯಂತ್ರಣ ಕಾಯ್ದೆ, ಎರಡನೇ ಸೆಕ್ಷನ್‌ನಲ್ಲೇ ಇದನ್ನು ಬಿಡಿಸಿ ಹೇಳುತ್ತೆ. ಗಿಡದಿಂದ ಬರುವ ಅಂಟು ಚರಸ್. ಹೂವಿನ ತೆನೆ ಗಾಂಜಾ. ತೆನೆ ಜೊತೆಗಿಲ್ಲದ ಬರೀ ಎಲೆ ಮತ್ತು ಬೀಜ ಗಾಂಜಾ ಲೆಕ್ಕಕ್ಕೆ ಬರಲ್ಲ. ಈ ಎಲೆಯೇ ನಮ್ಮ ಹಳ್ಳಿಯವರು ಹೇಳುವ ಭಂಗಿ. ಉತ್ತರ ಭಾರತದಲ್ಲಿ ಹೋಳಿ ಹಬ್ಬಕ್ಕೆ ಅರೆದು ಕುಡಿಯುವುದೂ ಇದನ್ನೇ. ರಾಜಸ್ಥಾನದ ಜೈಸಲ್ಮೇರ್‌ನಲ್ಲಿ ಭಂಗಿ ಮಾರೋಕೆ ಸರ್ಕಾರದ ಲೈಸೆನ್ಸ್ ಇರುವ ಅಂಗಡಿಯೇ ಇದೆ.

ನಮ್ಮ ಕರ್ನಾಟಕ ಹೈಕೋರ್ಟ್ ಕೂಡ 2022ರ ಆಗಸ್ಟ್‌ನಲ್ಲಿ ಇದೇ ಮಾತನ್ನು ಎತ್ತಿ ಹೇಳಿತು. ಬೆಂಗಳೂರಿನ ಬೇಗೂರು ಪೊಲೀಸರು ಒಬ್ಬ ವ್ಯಕ್ತಿಯ ಹತ್ತಿರ 29 ಕೆ.ಜಿ. ಭಾಂಗ್, 400 ಗ್ರಾಂ ಗಾಂಜಾ ಹಿಡಿದಿದ್ದರು. ಭಾಂಗ್ ಅನ್ನೋದು ಚರಸ್ ಅಥವಾ ಗಾಂಜಾದಿಂದ ಮಾಡಿದ್ದು ಅಂತ ತೋರಿಸೋ ಆಧಾರ ಇಲ್ಲ, ಆ ಕಾಯ್ದೆಯಲ್ಲಿ ಭಾಂಗ್ ನಿಷೇಧಿತ ಪಟ್ಟಿಯಲ್ಲೂ ಇಲ್ಲ ಅಂತ ಹೇಳಿ ಕೋರ್ಟ್ ಜಾಮೀನು ಕೊಟ್ಟಿತು. ಕೂಡಲೇ ವಾಟ್ಸಾಪ್‌ನಲ್ಲಿ ಏನು ಹರಿದಾಡಿತು ಗೊತ್ತಾ? ‘ಹೈಕೋರ್ಟ್ ಗಾಂಜಾ ಓಕೆ ಅಂದಿದೆ’ ಅಂತ! ಅಲ್ಲ ಸ್ವಾಮಿ, ಹಾಗೆ ಹೇಳಿಲ್ಲ. ಅದು ಜಾಮೀನು ಆದೇಶ. ಸೊಪ್ಪಿನ ವಿಚಾರಕ್ಕೆ ಹೇಳಿದ ಮಾತು ತೆನೆಗೆ ಅನ್ವಯಿಸಲ್ಲ. ಸೊಪ್ಪಿನ ಮೇಲೂ ಆಯಾ ರಾಜ್ಯದ ಅಬಕಾರಿ ಕಾನೂನಿನ ಹಿಡಿತ ಇದ್ದೇ ಇರುತ್ತೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ‘ವೈದ್ಯಕೀಯ ಗಾಂಜಾ’ ಅನ್ನೋ ಮಾತು ಅಮೆರಿಕದಿಂದ ಹೊಸದಾಗಿ ಬಂದದ್ದು ಅಂದುಕೊಂಡಿದ್ದೀರಾ? ಇಲ್ಲ. ನಮ್ಮ ಎನ್‌ಡಿಪಿಎಸ್ ಕಾಯ್ದೆಯ ಒಳಗೇ ಆ ಪದ ಇದೆ. ಗಾಂಜಾದಿಂದ ತೆಗೆದ ಸಾರ ಅಥವಾ ಟಿಂಕ್ಚರ್ ಅಂತ ಅದಕ್ಕೆ ಅರ್ಥವನ್ನೂ ಕೊಟ್ಟಿದ್ದಾರೆ. ಎಂಟನೇ ಸೆಕ್ಷನ್ ಏನು ಹೇಳುತ್ತೆ? ಬೆಳೆಯಬಾರದು, ಮಾರಬಾರದು, ಇಟ್ಟುಕೊಳ್ಳಬಾರದು, ಸೇವಿಸಬಾರದು. ಆದರೆ ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶಕ್ಕೆ, ನಿಯಮ ಹೇಳಿದ ರೀತಿಯಲ್ಲಿ ಆಗಬಹುದು. ಹತ್ತನೇ ಸೆಕ್ಷನ್ ಆ ನಿಯಮ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಡುತ್ತೆ. ಅಂದರೆ ಬಾಗಿಲು ಇದೆ, ಬೀಗದ ಕೈ ವಿಧಾನಸೌಧದಲ್ಲಿದೆ. ಬೂದಿಕೋಟೆ ಪಂಚಾಯಿತಿ ಕಚೇರಿಯಲ್ಲಿ ಇಲ್ಲ.

ಈಗ ನಮ್ಮ ಅಂಗಡಿಯವನನ್ನು ಕರೆದುಕೊಂಡು ಒಂದೊಂದು ಕಚೇರಿಗೂ ಹೋಗೋಣ ಬನ್ನಿ.

ಮೊದಲು ಗ್ರಾಮ ಪಂಚಾಯಿತಿ. ಹಳ್ಳಿಯಲ್ಲಿ ಅಂಗಡಿ ಇಡೋಕೆ ಪಂಚಾಯಿತಿ ಪರವಾನಗಿ ಬೇಕು. ಬಂಗಾರಪೇಟೆ ಪಟ್ಟಣದಲ್ಲಾದರೆ ಪುರಸಭೆ, ಕೆಜಿಎಫ್‌ನಲ್ಲಾದರೆ ನಗರಸಭೆ ಉದ್ದಿಮೆ ಪರವಾನಗಿ ಕೊಡುತ್ತೆ. ಆ ಚೀಟಿ ಏನು ಹೇಳುತ್ತೆ? ಈ ಜಾಗದಲ್ಲಿ ವ್ಯಾಪಾರ ಮಾಡಿದರೆ ಚರಂಡಿ, ಕಸ, ಬೆಂಕಿ, ಅಕ್ಕಪಕ್ಕದವರ ನೆಮ್ಮದಿಗೆ ತೊಂದರೆ ಇಲ್ಲ ಅಂತ. ಒಳಗೆ ಮಾರೋ ಸರಕು ಕಾನೂನುಬದ್ಧ ಅಂತ ಅದು ಸರ್ಟಿಫಿಕೇಟ್ ಅಲ್ಲ. ಬಂಗಾರಪೇಟೆಯ ಪಾನಿಪುರಿ ಅಂಗಡಿಗೆ ಕೊಡೋ ಪರವಾನಗಿಯನ್ನೇ ಗೋಡೆಗೆ ನೇತುಹಾಕಿ ‘ನಮಗೆ ಸರ್ಕಾರದ ಲೈಸೆನ್ಸ್ ಇದೆ’ ಅಂತ ಗಾಂಜಾ ಎಣ್ಣೆ ಮಾರಿದರೆ ನಂಬಬೇಡಿ.

ಎರಡನೇ ಬಾಗಿಲು, ಕ್ಲಿನಿಕ್‌ನದ್ದು. ಡಾಕ್ಟರ್ ಕೂತು ರೋಗಿ ನೋಡ್ತಾರೆ ಅಂದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅದೇ ಕೆಪಿಎಂಇ ಪ್ರಕಾರ ನೋಂದಣಿ ಆಗಬೇಕು. ಅದು ಜಿಲ್ಲಾ ಮಟ್ಟದ ಕೆಲಸ. ಜಿಲ್ಲಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ ಅಲ್ಲಿರುತ್ತಾರೆ. ಆ ನೋಂದಣಿ ಸಂಖ್ಯೆ ಎಲ್ಲರ ಕಣ್ಣಿಗೆ ಬೀಳುವಂತೆ ಹಾಕಿರಬೇಕು.

ಮೂರನೇ ಬಾಗಿಲು ಔಷಧದ್ದು. ಇಲ್ಲೇ ನೋಡಿ ದೊಡ್ಡ ತೂತು ಇರೋದು. ಇಂಗ್ಲಿಷ್ ಔಷಧ ಮಾರೋಕೆ ಡ್ರಗ್ ಲೈಸೆನ್ಸ್ ಬೇಕು, ಫಾರ್ಮಸಿಸ್ಟ್ ಬೇಕು. ಆಯುರ್ವೇದ ಔಷಧ ತಯಾರಿಸೋಕೆ ಲೈಸೆನ್ಸ್ ಬೇಕು. ಆದರೆ ಚಿಲ್ಲರೆ ಮಾರೋಕೆ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯಲ್ಲಿ ಲೈಸೆನ್ಸ್ ಕೇಳಿಲ್ಲ. ಚ್ಯವನಪ್ರಾಶಕ್ಕೆ ಇದು ಸರಿ. ಭಂಗಿ ಇರುವ ಔಷಧಕ್ಕೆ? ಆ ಕಾಯ್ದೆಯ ನಿಯಮಗಳಲ್ಲಿ ಇ(1) ಅಂತ ಒಂದು ಅನುಸೂಚಿ ಇದೆ. ವಿಷಕಾರಿ ವಸ್ತುಗಳ ಪಟ್ಟಿ ಅದು. ಅಫೀಮು, ದತ್ತೂರ, ವತ್ಸನಾಭಿ, ಗುಲಗಂಜಿ ಜೊತೆಗೆ ಭಂಗಿಯೂ ಅಲ್ಲಿದೆ. ಇವು ಸೇರಿದ ಔಷಧದ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ತೆಗೆದುಕೊಳ್ಳಬೇಕು ಅಂತ ಎಚ್ಚರಿಕೆ ಮುದ್ರಿಸಲೇಬೇಕು. ಸರಿ, ಲೇಬಲ್ ಮೇಲೆ ಮುದ್ರಿಸಿದರು. ಕೌಂಟರ್‌ನಲ್ಲಿ ಕೇಳೋರು ಯಾರು? ಚೀಟಿ ತೋರಿಸಿ ಅನ್ನೋರು ಯಾರು? ಯಾರಿಗೆ ಎಷ್ಟು ಮಾರಿದೆ ಅಂತ ಪುಸ್ತಕದಲ್ಲಿ ಬರೆಯೋರು ಯಾರು? ನಮ್ಮ ದೇಶದ ಗಾಂಜಾ ಔಷಧ ವ್ಯಾಪಾರ ನಿಂತಿರೋದು ಈ ಸಂದಿಯಲ್ಲೇ.

ನಾಲ್ಕನೇ ಬಾಗಿಲು ಪೊಲೀಸ್ ಠಾಣೆ. ಇಲ್ಲಿ ತಮಾಷೆ ಇಲ್ಲ. ಗಾಂಜಾ ಒಂದು ಕೆ.ಜಿ.ವರೆಗೆ ಸಣ್ಣ ಪ್ರಮಾಣ, ಒಂದು ವರ್ಷದವರೆಗೆ ಜೈಲು. 20 ಕೆ.ಜಿ.ಗಿಂತ ಹೆಚ್ಚಾದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ, 20 ವರ್ಷದವರೆಗೂ ಹೋಗಬಹುದು, ದಂಡ ಲಕ್ಷದ ಮೇಲೆ. ಅನುಮತಿ ಇಲ್ಲದೆ ಗಿಡ ಬೆಳೆದರೆ 10 ವರ್ಷದವರೆಗೆ ಶಿಕ್ಷೆ. ರಾಗಿ ಹೊಲದ ನಡುವೆ ನಾಲ್ಕು ಗಿಡ ಹಾಕಿ, ‘ಔಷಧಿಗೆ ಬೆಳೆದದ್ದು ಸಾರ್’ ಅಂದರೆ ನಡೆಯಲ್ಲ. ಯಾರೋ ಡಾಕ್ಟರ್ ಬರೆದುಕೊಟ್ಟ ಚೀಟಿ ಇಟ್ಟುಕೊಂಡು ಬೀದಿಯಲ್ಲಿ ತಂದ ಗಾಂಜಾ ಜೇಬಲ್ಲಿಟ್ಟುಕೊಂಡರೂ ನಡೆಯಲ್ಲ. ರೈತ ಬಂಧುಗಳೇ, ಕಂಪನಿ ಬರುತ್ತೆ, ಎಕರೆಗೆ ಲಕ್ಷಗಟ್ಟಲೆ ಕೊಡುತ್ತೆ ಅಂತ ಹೇಳಿ ಬೀಜ ಕೊಡೋಕೆ ಬಂದವರ ಹತ್ತಿರ ಮೊದಲು ಸರ್ಕಾರದ ಅನುಮತಿ ಪತ್ರ ಕೇಳಿ. ಉತ್ತರಾಖಂಡ ನಾರಿಗಾಗಿ ಬೆಳೆಯೋಕೆ ಲೈಸೆನ್ಸ್ ಕೊಟ್ಟಿದೆ, ಹಿಮಾಚಲ ಪ್ರದೇಶ ಆ ದಾರಿಯಲ್ಲಿ ಹೆಜ್ಜೆ ಇಟ್ಟಿದೆ. ಆ ರಾಜ್ಯಗಳ ಕಾಗದ ಕೋಲಾರದ ಹೊಲಕ್ಕೆ ರಕ್ಷಣೆ ಕೊಡಲ್ಲ.

ಹಾಗಾದರೆ ಪಂಚಾಯಿತಿಗೆ ಮಾತೇ ಇಲ್ವಾ? ಇದೆ. ಸಂವಿಧಾನದ ಹನ್ನೊಂದನೇ ಅನುಸೂಚಿ ತೆಗೆದು ನೋಡಿ. 73ನೇ ತಿದ್ದುಪಡಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಅದು. 23ನೇದು ಏನು? ಆರೋಗ್ಯ ಮತ್ತು ನೈರ್ಮಲ್ಯ. ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಜೊತೆಗೆ ಡಿಸ್ಪೆನ್ಸರಿ! ಹೊರದೇಶದವರು ಗಾಂಜಾ ಔಷಧದ ಅಂಗಡಿಗೆ ಬಳಸೋದೂ ಅದೇ ಪದ. ನಮ್ಮ ಸಂವಿಧಾನ ಹೇಳಿದ್ದು ಬಡವರಿಗೆ ಔಷಧ ಕೊಡುವ ಸರ್ಕಾರಿ ದವಾಖಾನೆಯ ಬಗ್ಗೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಹೊರದೇಶದಲ್ಲಿ ಸ್ಥಳೀಯ ಸಂಸ್ಥೆಗಳು ಏನು ಮಾಡಿದವು? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ ಮತದಾರರೇ ವೈದ್ಯಕೀಯ ಗಾಂಜಾಕ್ಕೆ ಒಪ್ಪಿಗೆ ಕೊಟ್ಟರು. ಕಾನೂನು ಬಂತು, ಆದರೆ ಅಂಗಡಿ ಎಲ್ಲಿ, ಎಷ್ಟು, ಹೇಗೆ ಅನ್ನೋ ನಿಯಮ ಸರಿಯಾಗಿ ಬರಲಿಲ್ಲ. ಗಲ್ಲಿ ಗಲ್ಲಿಯಲ್ಲಿ ಅಂಗಡಿ ತೆರೆದವು. ಆಮೇಲೆ ಶಾಲೆಯಿಂದ 600 ಅಡಿ ದೂರ ಇರಬೇಕು ಅಂದರು. ರಿವರ್‌ಸೈಡ್ ಅನ್ನೋ ಊರು ನಮ್ಮಲ್ಲಿ ಅಂಗಡಿಯೇ ಬೇಡ ಅಂತ ನಿಷೇಧ ಹಾಕಿತು. 2013ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು: ರೋಗಿಗೆ ಗಾಂಜಾ ಬಳಸೋ ರಕ್ಷಣೆ ಇದೆ, ಆದರೆ ಅಂಗಡಿ ಬೇಡ ಅನ್ನೋ ಅಧಿಕಾರ ಊರಿಗೂ ಇದೆ. ಪರಿಣಾಮ? ಒಂದು ಊರಲ್ಲಿ ಸಿಗುತ್ತೆ, ಪಕ್ಕದ ಊರಲ್ಲಿ ಸಿಗಲ್ಲ. ಥಾಯ್ಲೆಂಡ್ ಕಥೆ ಇನ್ನೊಂದು. 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ವಸ್ತು ಪಟ್ಟಿಯಿಂದ ತೆಗೆದರು, ಔಷಧಕ್ಕಾಗಿ ಅಂದರು. ಸಾವಿರಾರು ಅಂಗಡಿ ಎದ್ದು ನಿಂತವು. 2025ರ ಜೂನ್‌ನಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರೋ ಹಾಗಿಲ್ಲ ಅಂತ ಹಗ್ಗ ಎಳೆಯಬೇಕಾಯಿತು. ಎರಡೂ ಕಥೆಯ ಪಾಠ ಒಂದೇ. ನಿಯಮ ಮೊದಲು ಬರಬೇಕು, ಅಂಗಡಿ ಆಮೇಲೆ. ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು ಹಾಕಿದರೆ ಏನು ಬಂತು?

ಇನ್ನು ಮುಖ್ಯ ಪ್ರಶ್ನೆ. ಇದು ಔಷಧ ಹೌದಾ, ಅಲ್ಲವಾ? ಕೆಲವು ಕಡೆ ಹೌದು. ಮಕ್ಕಳಲ್ಲಿ ಬರುವ ಎರಡು ಬಗೆಯ ಕಠಿಣ ಮೂರ್ಛೆರೋಗಕ್ಕೆ ಗಾಂಜಾ ಗಿಡದಿಂದ ಶುದ್ಧೀಕರಿಸಿದ ಸಿಬಿಡಿ ಔಷಧಕ್ಕೆ ಅಮೆರಿಕದ ಔಷಧ ಸಂಸ್ಥೆ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಕಿಮೋಥೆರಪಿಯಿಂದ ಬರೋ ವಾಂತಿಗೆ ಇಂಥ ಔಷಧ ದಶಕಗಳಿಂದ ಇದೆ. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ ಅತಿ ಅಪಾಯಕಾರಿ ಪಟ್ಟಿಯಿಂದ ಗಾಂಜಾವನ್ನು ತೆಗೆಯಿತು. 27 ದೇಶ ಪರ, 25 ವಿರೋಧ. ಭಾರತ ಪರವಾಗಿ ಮತ ಹಾಕಿತು. ಆದರೆ ಎಲ್ಲ ನೋವಿಗೂ ಇದು ರಾಮಬಾಣ ಅನ್ನೋಕೆ ಆಧಾರ ಇಲ್ಲ. ಕ್ಯಾನ್ಸರ್ ಗುಣ ಮಾಡುತ್ತೆ ಅಂತ ಜಾಹೀರಾತು ಕೊಟ್ಟರೆ 1954ರ ಕಾಯ್ದೆ ಪ್ರಕಾರ ಅದೇ ಅಪರಾಧ. ಎಳೆ ವಯಸ್ಸಿನವರ ಮನಸ್ಸಿನ ಆರೋಗ್ಯಕ್ಕೆ ಗಾಂಜಾ ಅಪಾಯ ಅನ್ನೋದೂ ಅಷ್ಟೇ ನಿಜ.

ಕೆಜಿಎಫ್ ಜನಕ್ಕೆ ಇಲ್ಲಿ ವಿಶೇಷವಾಗಿ ಒಂದು ಮಾತು. ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಚಿನ್ನ ಹೋಯಿತು, ದೂಳು ಎದೆಯಲ್ಲಿ ಉಳಿಯಿತು. ಭೂಮಿಯ ಒಳಗೆ ಕೆಲಸ ಮಾಡಿ ಸಿಲಿಕೋಸಿಸ್ ಹಚ್ಚಿಕೊಂಡವರು ಇವತ್ತಿಗೂ ಉಸಿರಿಗೆ ಒದ್ದಾಡುತ್ತಾರೆ. ಆ ಕಾಯಿಲೆಗೆ ಗುಣ ಅನ್ನೋದಿಲ್ಲ. ಅಂಥವರಿಗೆ ಯಾರಾದರೂ ‘ಒಂದು ದಮ್ಮು ಎಳೀರಿ, ಎದೆ ಸಡಿಲ ಆಗುತ್ತೆ’ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಕಲ್ಲಾದ ಶ್ವಾಸಕೋಶಕ್ಕೆ ಹೊಗೆ ಅಂದರೆ ವಿಷ. ಹೊಗೆ ಸೇದೋದನ್ನು ಯಾವ ಜವಾಬ್ದಾರಿಯುತ ವೈದ್ಯರೂ ಔಷಧ ಅಂತ ಬರೆದುಕೊಡಲ್ಲ.

ಹಾಗಾದರೆ ನೋವಲ್ಲಿ ಇರೋರು ಏನು ಮಾಡಬೇಕು? ಈ ಚರ್ಚೆಯ ತಿರುಳು ಇಲ್ಲಿದೆ. ಗಾಂಜಾ ಔಷಧದ ಹಿಂದೆ ಜನ ಯಾಕೆ ಹೋಗ್ತಾರೆ? ಚಟಕ್ಕೆ ಹೋಗೋರು ಇದ್ದಾರೆ. ಆದರೆ ಕೊನೆ ಹಂತದ ಕ್ಯಾನ್ಸರ್ ಇರುವ ಅಮ್ಮನನ್ನು ಮನೆಯಲ್ಲಿ ಮಲಗಿಸಿಕೊಂಡು, ರಾತ್ರಿಯೆಲ್ಲ ಅವರ ನರಳಾಟ ಕೇಳಲಾಗದೆ ಆ ಎಣ್ಣೆ ತರಿಸೋ ಮಗನೂ ಇದ್ದಾನೆ. ಅವನನ್ನು ಅಪರಾಧಿ ಅನ್ನೋದಕ್ಕೆ ನನಗೆ ಬಾಯಿ ಬರಲ್ಲ.

ಅಂಥ ನೋವಿಗೆ ಪರೀಕ್ಷೆಯಾದ, ಅಗ್ಗದ ಔಷಧ ಈಗಾಗಲೇ ಇದೆ. ಅದು ಮಾರ್ಫಿನ್. ಅಫೀಮಿನಿಂದ ಬರುತ್ತೆ. ಆ ಅಫೀಮನ್ನು ನಮ್ಮ ದೇಶದ ರೈತರೇ ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಸರ್ಕಾರದ ಲೈಸೆನ್ಸ್ ಪಡೆದು ಬೆಳೆಯುತ್ತಾರೆ. ಆದರೆ 1985ರ ಕಾಯ್ದೆ ಬಂದ ಮೇಲೆ ಏನಾಯಿತು? ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ, ನಾಲ್ಕೈದು ಲೈಸೆನ್ಸ್, ಒಂದು ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಕೇಸಿಗೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡೋದನ್ನೇ ಬಿಟ್ಟವು. ಕಳ್ಳರಿಗೆ ಹಾಕಿದ ಬೇಲಿ ರೋಗಿಗೆ ಅಡ್ಡ ಆಯಿತು. 2014ರಲ್ಲಿ ಸಂಸತ್ತು ಕಾಯ್ದೆ ತಿದ್ದಿತು. ಮಾರ್ಫಿನ್ ಸೇರಿ ಆರು ಔಷಧಗಳನ್ನು ಅತ್ಯಗತ್ಯ ಅಂತ ಗುರುತಿಸಿ ದೇಶಕ್ಕೆಲ್ಲ ಒಂದೇ ನಿಯಮ ತಂದರು. ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಆಸ್ಪತ್ರೆ, ತರಬೇತಿ ಇರುವ ವೈದ್ಯ, ಲೆಕ್ಕದ ಪುಸ್ತಕ. ಇಷ್ಟಿದ್ದರೆ ಸಾಕು.

ಗಾಂಜಾ ಔಷಧಕ್ಕೆ ನಿಯಮ ಮಾಡೋದಾದರೆ ಇದಕ್ಕಿಂತ ಒಳ್ಳೆ ಮಾದರಿ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಾಗಿಲ್ಲ. ಬೀದಿಯಲ್ಲಿ ಅಂಗಡಿ ಬೇಡ. ಮಾನ್ಯತೆ ಪಡೆದ ಆಸ್ಪತ್ರೆಯ ಔಷಧ ಕೌಂಟರ್ ಸಾಕು. ಯಾವ ವೈದ್ಯ, ಯಾವ ಕಾಯಿಲೆ, ಎಷ್ಟು ಪ್ರಮಾಣ ಅಂತ ಬರೆದಿರಲಿ. ಇ(1) ಪಟ್ಟಿಯ ಔಷಧ ಮಾರೋಕೂ ಲೈಸೆನ್ಸ್ ಕಡ್ಡಾಯ ಮಾಡಲಿ. ಜಾಗದ ವಿಚಾರದಲ್ಲಿ ಸ್ಥಳೀಯ ಸಂಸ್ಥೆಯ ಅಭಿಪ್ರಾಯ ಕೇಳಲಿ. ಶಾಲೆ, ದೇವಸ್ಥಾನದಿಂದ 100 ಮೀಟರ್ ಒಳಗೆ ಮದ್ಯದಂಗಡಿ ಬೇಡ ಅಂತ ನಮ್ಮ ಅಬಕಾರಿ ನಿಯಮದಲ್ಲೇ ಇದೆ, ಶಾಲೆಯಿಂದ 100 ಗಜದೊಳಗೆ ಬೀಡಿ ಸಿಗರೇಟು ಮಾರಬಾರದು ಅಂತ 2003ರ ತಂಬಾಕು ಕಾಯ್ದೆಯಲ್ಲಿದೆ. ಹೊಸದಾಗಿ ಏನೂ ಕಂಡುಹಿಡಿಯಬೇಕಾಗಿಲ್ಲ.

ಪೊಲೀಸರು ಹೇಳೋ ಮಾತನ್ನೂ ಕೇಳಬೇಕು. ಮೂರು ರಾಜ್ಯ ಸೇರೋ ಜಾಗ ಇದು. ಔಷಧದ ಹೆಸರಲ್ಲಿ ಸರಕು ಸೋರಿಹೋದರೆ ಹಿಡಿಯೋದು ಕಷ್ಟ. ಹೌದು. ಅದಕ್ಕೇ ಲೆಕ್ಕದ ಪುಸ್ತಕ ಬೇಕು ಅನ್ನೋದು. ಲೆಕ್ಕವೇ ಇಲ್ಲದೆ ಕೊರಿಯರ್‌ನಲ್ಲಿ ಬರೋ ಎಣ್ಣೆ ಈಗ ಸೋರ್ತಾ ಇಲ್ವಾ?

ಈಗ ಆ 23ನೇ ವಿಷಯಕ್ಕೆ ಬರೋಣ. ರಾಜ್ಯ ಸರ್ಕಾರ ನಿಯಮ ಮಾಡೋವರೆಗೆ ಬೂದಿಕೋಟೆಯಂಥ ಪಂಚಾಯಿತಿ ಕೈಕಟ್ಟಿ ಕೂರಬೇಕಾಗಿಲ್ಲ. ಔಷಧದ ಅಂಗಡಿಗೆ ಅರ್ಜಿ ಬಂದರೆ ಏನು ಮಾರ್ತೀರಿ, ತಯಾರಿಕೆ ಲೈಸೆನ್ಸ್ ಯಾರದ್ದು, ವೈದ್ಯರ ನೋಂದಣಿ ಎಲ್ಲಿ ಅಂತ ಕೇಳಲಿ. ಅನುಮಾನ ಬಂದರೆ ಜಿಲ್ಲಾ ಆರೋಗ್ಯಾಧಿಕಾರಿಗೆ, ಔಷಧ ನಿಯಂತ್ರಣ ಇಲಾಖೆಗೆ ಪತ್ರ ಬರೆಯಲಿ. ಗ್ರಾಮಸಭೆಯಲ್ಲಿ ಒಂದು ದಿನ ಈ ವಿಷಯ ಇಡಲಿ.

ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಪಕ್ಕದ ಕೇರಳ 2008ರಲ್ಲೇ ನೋವು ನಿವಾರಣೆ ಮತ್ತು ಆರೈಕೆಗೆ ರಾಜ್ಯ ನೀತಿ ತಂದಿತು. ಅಲ್ಲಿ ಪಂಚಾಯಿತಿ ತನ್ನ ಯೋಜನೆಯಲ್ಲೇ ದುಡ್ಡು ಇಡುತ್ತೆ, ತರಬೇತಿ ಪಡೆದ ನರ್ಸ್ ಹಾಸಿಗೆ ಹಿಡಿದವರ ಮನೆಗೇ ಹೋಗ್ತಾರೆ. ಹುಣ್ಣು ತೊಳೀತಾರೆ, ಔಷಧ ಕೊಡ್ತಾರೆ, ಮನೆಯವರಿಗೆ ಧೈರ್ಯ ಹೇಳ್ತಾರೆ. ನಮ್ಮಲ್ಲಿ? ಮಾರಿಕುಪ್ಪಂನಿಂದ ಹೊರಡೋ ಬೆಳಗಿನ ರೈಲು ಹತ್ತಿ, ನೋವಲ್ಲಿ ಮುದುಡಿಕೊಂಡು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಬೇಕು, ರಾತ್ರಿಗೆ ವಾಪಸ್ ಬರಬೇಕು. ಹಾಸಿಗೆ ಹಿಡಿದವರ ಪಟ್ಟಿ ಆಶಾ ಕಾರ್ಯಕರ್ತೆಯರ ಕೈಯಲ್ಲಿ ಮಾಡಿಸೋದಕ್ಕೆ, ತಾಲ್ಲೂಕು ಆಸ್ಪತ್ರೆಗೆ ಮಾರ್ಫಿನ್ ಮಾನ್ಯತೆ ತರಿಸಿ ಅಂತ ಠರಾವು ಮಾಡೋದಕ್ಕೆ ಯಾವ ಕಾಯ್ದೆ ಅಡ್ಡ ಬರುತ್ತೆ? ಯಾವುದೂ ಇಲ್ಲ.

ಆದ್ದರಿಂದ ಪ್ರಶ್ನೆಗೆ ಉತ್ತರ ಇಷ್ಟು. ಗಾಂಜಾ ಔಷಧದ ಅಂಗಡಿಗೆ ಲೈಸೆನ್ಸ್ ಕೊಡೋ ಅಧಿಕಾರ ಪಂಚಾಯಿತಿಗೆ ಇಲ್ಲ. ಆ ಅಧಿಕಾರ ಇರೋ ರಾಜ್ಯ ಸರ್ಕಾರ ಹತ್ತನೇ ಸೆಕ್ಷನ್ ಕೈಯಲ್ಲಿ ಹಿಡಿದುಕೊಂಡು, ಆಸ್ಪತ್ರೆಯ ಮೂಲಕ, ಲೆಕ್ಕಪತ್ರದ ಸಮೇತ, ಎಲ್ಲಿ ಪುರಾವೆ ಇದೆಯೋ ಅಲ್ಲಿಗೆ ಮಾತ್ರ ನಿಯಮ ಮಾಡಬೇಕು. ನೋವಲ್ಲಿ ಇರುವ ಮನುಷ್ಯನ ಮನೆ ಬಾಗಿಲಿಗೆ ಹೋಗೋ ಅಧಿಕಾರ ಮಾತ್ರ ಪಂಚಾಯಿತಿಗೆ ಇವತ್ತೇ ಇದೆ. ನಿಮ್ಮ ಊರಿನ ಮುಂದಿನ ಗ್ರಾಮಸಭೆ ಯಾವತ್ತು ಅಂತ ಕೇಳಿಕೊಳ್ಳಿ. ಹೋಗಿ, ಕೈ ಎತ್ತಿ, ನಮ್ಮೂರಲ್ಲಿ ಹಾಸಿಗೆ ಹಿಡಿದವರು ಎಷ್ಟು ಜನ ಇದ್ದಾರೆ ಅಂತ ಒಂದೇ ಪ್ರಶ್ನೆ ಕೇಳಿ. ಉತ್ತರ ಬರೋವರೆಗೆ ಕೂರಬೇಡಿ.